ಅರ್ಧಚಂದ್ರದ ಗುರುತು
(ಏಳನೆಯ ಕಂತು)

“ಬೇಡಿ ಬಿಚ್ಚಬೇಡಿ ಬಸ್ಸಪ್ಪ, ಹಾಗೇ ತೋರಿಸಲಿ,” ಎಂದರು ಇನ್‌ಸ್ಪೆಕ್ಟರ್ ಸಾಹೇಬರು.

ಜೇಬಿನಿಂದ ತೆಗೆದ ಕೀಲಿಯನ್ನು ನಾನು ಮತ್ತೆ ಜೇಬಿಗೇ ಹಾಕಿದೆ. ಹುಸೇನ್‌ಸಾಬ್ ಬೇಡಿ ಬಿದ್ದ ಎರಡೂ ಕೈಗಳನ್ನು ಒಟ್ಟಿಗೇ ಎತ್ತಿ ತನ್ನ ಅಂಗಡಿಯ ಒಂದೊಂದೇ ಸಾಮಾನು ತೋರಿಸುತ್ತ ಹೋದ.

“ಇದು ಅರ ರೀ, ಕಬ್ಬಿಣ ತಿಕ್ಕಾಕ. ಇದು ಸಣ್ಣ ಅರ. ಈ ಡಬ್ಬ್ಯಾಗ ಇರೂದು ಅಗಸಿ ಎಣ್ಣಿ, ಬಂದೂಕಿನ ಕಟ್ಟಿಗಿಗೆ ತಿಕ್ಕಾಕ. ಇದು ಹುಣಸಿಹಣ್ಣು, ಹಿತ್ತಾಳಿ ತೊಳ್ಯಾಕ. ಬಂದೂಕಿಗೆ ತುಂಬೂ ಮದ್ದು ಇಲ್ರಿ. ನನ್ನ ಅಂಗಡ್ಯಾಗ ಮದ್ದು ಯಾವತ್ತೂ ಇರ್ಲಿಲ್ಲ.”

ಮಸ್ಕಿಯ ಬಸ್‌ಸ್ಟ್ಯಾಂಡಿನಿಂದ ಗುಡ್ಡದ ಕಡೆಗೆ ಹೋಗುವ ಗಲ್ಲಿಯಲ್ಲಿ ಅವನ ಅಂಗಡಿ. ಹೊಲಿಗೆ ಮಷಿನ್ನು, ಗಡಿಯಾರ, ಸ್ಟೋವು, ಬೆಳೆಗೆ ಔಷಧ ಹೊಡೆಯುವ ಪಂಪು, ಕೆಟ್ಟದ್ದು ಯಾವುದಾದರೂ ಅವನಿಗೆ ಸರಿ. ನನ್ನ ಹೆಂಡತಿಯ ಹೊಲಿಗೆ ಮಷಿನ್ನನ್ನು ಅವನು ಎರಡು ಸಲ ಬದುಕಿಸಿ ಕೊಟ್ಟಿದ್ದಾನೆ. ಅಂಥವನ ಕೈಗೆ ನಿನ್ನೆ ಸಂಜೆ ಬೇಡಿ ಹಾಕಿದವನು ನಾನೇ. ಇಪ್ಪತ್ತೇಳು ವರ್ಷದ ಪೊಲೀಸ್ ನೌಕರಿಯಲ್ಲಿ ಅಷ್ಟು ಬೇಸರದ ಕೆಲಸ ನನಗೆ ಬಂದಿರಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ.

ತುರ್ವಿಹಾಳದ ಆದೆಪ್ಪನ ತೊಡೆಗೆ ಕಾಲುವೆ ಏರಿಯ ಮೇಲೆ ಯಾರೋ ಗುಂಡು ಹೊಡೆದು ಅಂದಿಗೆ ಆರನೆಯ ದಿನ. ಮಧ್ಯಾಹ್ನ ಮೂರಕ್ಕೆ ಹುಸೇನ್‌ಸಾಬ್‌ನನ್ನು ಲಿಂಗಸುಗೂರಿನ ಕೋರ್ಟಿನ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಅವನು ಹೋಗುವುದು ರಾಯಚೂರಿನ ಜೈಲಿಗೆ. ಅಂಗಡಿಯ ಗೋಡೆಯ ತುಂಬ ಗಡಿಯಾರಗಳಿದ್ದರೂ ನಡೆಯುತ್ತಿದ್ದವು ನಾಲ್ಕೇ. ನಾಲ್ಕೂ ಹನ್ನೊಂದೂವರೆ ತೋರಿಸುತ್ತಿದ್ದವು.

ಕೆಲಸದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಆ ಬಂದೂಕನ್ನು ಇಟ್ಟಿದ್ದೆವು. ಅಮೆರಿಕದಲ್ಲಿ ತಯಾರಾದ, ನೂರು ವರ್ಷ ಹತ್ತಿರವಾದ ರೈಫಲ್ಲು. ಟ್ರಿಗರ್‌ನ ಸುತ್ತ ಕಬ್ಬಿಣದ ಬಳೆಯಂಥ ಹಿಡಿ. ಅದೇ ಲಿವರ್. ಕೆಳಕ್ಕೆ ಎಳೆದರೆ ಹಾರಿಸಿದ ಖಾಲಿ ತೋಟಾ ಮೇಲೆ ಚಿಮ್ಮಿ ಹೊರಬೀಳುತ್ತದೆ, ಮೇಲಕ್ಕೆ ಒತ್ತಿದರೆ ಹೊಸ ತೋಟಾ ಒಳಗೆ ಕೂರುತ್ತದೆ. ಎರಡು ವರ್ಷದ ಹಿಂದೆ ಈ ಅಂಗಡಿಗೆ ಬಂದಾಗ ಅದು ತುಕ್ಕು ಹಿಡಿದ ಸಲಿಕೆಯ ಹಾಗಿತ್ತು. ಈಗ ಕಟ್ಟಿಗೆಯಲ್ಲಿ ಮುಖ ಕಾಣುತ್ತಿತ್ತು.

ಅದರ ಮಾಲಕರು ಲಿಂಗಸುಗೂರಿನ ಶಿವಶರಣಪ್ಪ ಸಾವ್ಕಾರರು. ಗುರುತು ಹೇಳಲು ಅವರನ್ನೂ ಕರೆಸಿದ್ದೆವು. ಅವರ ತಂದೆ ಆ ಬಂದೂಕು ಹಿಡಿದು ಗುರುಗುಂಟಾದ ಕಡೆಯ ಕಲ್ಲುಗುಡ್ಡಗಳಲ್ಲಿ ಶಿಕಾರಿ ಆಡಿದವರು. ಅದಕ್ಕೆ ಮತ್ತೆ ಜೀವ ಬರಿಸಬೇಕೆಂಬ ಹುಚ್ಚು ಸಾವ್ಕಾರರಿಗೆ ಹಿಡಿದು, ಎರಡು ವರ್ಷದಿಂದ ಪ್ರತಿ ರವಿವಾರ ಜೀಪು ತಗೊಂಡು ಇಲ್ಲಿಗೆ ಬರುತ್ತಿದ್ದರು. ಸ್ಟೂಲಿನ ಮೇಲೆ ಕೂತು ತಾವೇ ಅಗಸೆ ಎಣ್ಣೆ ತಿಕ್ಕುತ್ತಿದ್ದರು. ರೇಷ್ಮೆ ಜುಬ್ಬದ ತೋಳಿಗೆ ಎಣ್ಣೆಯ ಕಲೆ ಮಾಡಿಕೊಂಡು, ಹುಸೇನ್‌ಸಾಬ್‌ನ ಹೆಂಡತಿ ಗುಲ್ಷನ್‌ಬೀ ಕೊಟ್ಟ ಚಹಾ ಕುಡಿದು ಹೋಗುತ್ತಿದ್ದರು. ಅವರಿಬ್ಬರ ಗೆಳೆತನ ಕಂಡು ಗಲ್ಲಿಯ ಮಂದಿ ನಗಾಡುತ್ತಿದ್ದದ್ದೂ ಉಂಟು.

“ನಿಮ್ಮದೇ ಬಂದೂಕು ತಾನೆ?” ಸಾಹೇಬರು ಕೇಳಿದರು.

“ನಂದಾ ರೀ. ಆದ್ರ ಹುಸೇನ್ ಇಂಥ ಕೆಲಸ ಮಾಡಿದಾನಂದ್ರ ನನಗ ನಂಬಕ್ಕಾಗವಲ್ದು,” ಎಂದು ಸಾವ್ಕಾರರು ಕಣ್ಣು ಒರೆಸಿಕೊಂಡರು.

ಬಾಗಿಲ ಹತ್ತಿರ ಡಬ್ಬದ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಪಂಪಣ್ಣ. ಲಿಂಗಸುಗೂರಿನ ತಹಸೀಲ್ ಕಚೇರಿಯಲ್ಲಿ ಮೂವತ್ತು ವರ್ಷ ಬಂದೂಕಿನ ಲೈಸೆನ್ಸ್ ಬರೆದು ರಿಟೈರ್ ಆದ ಗುಮಾಸ್ತರು. ಸುತ್ತಿನ ಮೂರು ಊರಿನ ಬಂದೂಕುಗಳನ್ನು ಅವರು ಹೆಸರು ಹಿಡಿದು ಕರೆಯಬಲ್ಲರು. ಈ ಕೇಸಿನಲ್ಲಿ ಮೊದಲಿಂದಲೂ ಮೂಗು ತೂರಿಸುತ್ತ ಬಂದವರು. ಆದರೆ ಅಂದು ಅವರ ಮುಖ ಸಪ್ಪಗಿತ್ತು, ಅದಕ್ಕೆ ಕಾರಣವೂ ಇತ್ತು.

ಏರಿಯ ಮೇಲೆ ಸಿಕ್ಕಿದ ಹಿತ್ತಾಳೆಯ ಖಾಲಿ ತೋಟಾವನ್ನು ಮೊನ್ನೆ ಸಾಹೇಬರು ಅವರಿಗೇ ತೋರಿಸಿದ್ದರು. “ಇಷ್ಟು ದಪ್ಪ ತೋಟಾ ಹೊಂದೂದು ಈ ಕಡೆ ಒಂದ ಬಂದೂಕಿಗೆ ರೀ, ಶಿವಶರಣಪ್ಪನವರದಕ್ಕ,” ಎಂದು ಪಂಪಣ್ಣ ಇದ್ದದ್ದು ಇದ್ದಂತೆ ಹೇಳಿದ್ದರು. ಬಂದೂಕು ಆಗ ಹುಸೇನ್‌ಸಾಬ್‌ನ ಅಂಗಡಿಯಲ್ಲಿತ್ತು. ಗುಂಡು ಬೀಳುವುದಕ್ಕೆ ಎರಡು ದಿನ ಮೊದಲು ಸಿಂಧನೂರಿನ ಸಂತೆಯಲ್ಲಿ ಆದೆಪ್ಪ ರಿಪೇರಿ ಸರಿಯಿಲ್ಲವೆಂದು ಔಷಧದ ಪಂಪನ್ನು ಹುಸೇನ್‌ಸಾಬ್‌ನ ಕಾಲಿನ ಮೇಲೆ ಎಸೆದಿದ್ದ, ಇವನೂ ಒಂದೆರಡು ಮಾತು ಆಡಿದ್ದ. ಸಾಹೇಬರಿಗೆ ಅಷ್ಟು ಸಾಕಾಯಿತು. ತಾವು ಆಡಿದ ಒಂದು ಮಾತಿನಿಂದ ಒಬ್ಬನ ಕೈಗೆ ಬೇಡಿ ಬಿತ್ತೆಂದು ಪಂಪಣ್ಣ ನಿನ್ನೆಯಿಂದ ಊಟ ಬಿಟ್ಟಿದ್ದರು.

“ಸಾಹೇಬ್ರ, ಆ ತೋಟಾ ಇನ್ನೊಮ್ಮಿ ನೋಡ್ಲೇನ್ರಿ?” ಎಂದರು ಈಗ.

“ನೋಡಿ. ಆದರೆ ಬೇಗ. ಎರಡಕ್ಕೆ ಹೊರಡಬೇಕು.”

ನಮ್ಮ ಸಾಹೇಬರು ಕೆಟ್ಟವರಲ್ಲ. ಮೈಸೂರಿನ ಕಡೆಯವರು, ಎಲ್ಲದಕ್ಕೂ ಅವಸರ. ಅವರ ಅವಸರಕ್ಕೆ ನಾವು ಚಹಾ ಆರುವ ಮೊದಲೇ ಕುಡಿದು ಬಾಯಿ ಸುಟ್ಟುಕೊಳ್ಳುವುದು ರೂಢಿಯಾಗಿಹೋಗಿದೆ.

ನಾನು ಲಕೋಟೆಯಿಂದ ತೋಟಾ ತೆಗೆದು ಕೊಟ್ಟೆ. ಹೆಬ್ಬೆರಳಿನಷ್ಟು ಉದ್ದ, ಒಂದು ಕಡೆ ತೆರೆದ ಬಾಯಿ, ಇನ್ನೊಂದು ಕಡೆ ಬುಡ. ಪಂಪಣ್ಣ ಅದರ ಬಾಯಿಯ ಮೇಲೆ ಬೆರಳಾಡಿಸಿದರು, ಕನ್ನಡಕ ಹಣೆಗೆ ಏರಿಸಿ ಒಳಗೆ ಇಣುಕಿದರು.

“ಬಸ್ಸಪ್ಪ, ಇದರ ಬಾಯಿ ಮುಟ್ಟಿ ನೋಡು. ಚೂಪು ಐತೇನು?”

“ಇಲ್ಲ. ನುಣ್ಣಗ ಐತಿ.”

“ಯಾರೋ ಕಲ್ಲಿಗೆ ತಿಕ್ಕ್ಯಾರ. ಇದು ದಿನಾ ಬೆರಳು ಹೋಗಿ ಬರೂ ಜಾಗ.” ಅವರು ಒಳಬಾಗಿಲ ಕಡೆ ತಿರುಗಿದರು. “ಗುಲ್ಷನ್‌ಬೀ, ಒಂಚೂರು ಅರಿಷಿಣ ತರ್ತೀ ಏನವಾ?”

ಪರದೆಯ ಹಿಂದೆ ನಿಂತು ಎಲ್ಲ ಕೇಳುತ್ತಿದ್ದ ಗುಲ್ಷನ್‌ಬೀ ಬಂದಳು. ನಿನ್ನೆಯಿಂದ ಅವಳು ಒಲೆ ಹೊತ್ತಿಸಿರಲಿಲ್ಲ, ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಅಂಗೈಯಲ್ಲಿ ಅರಿಸಿನ ತಂದು ಮುಂದೆ ಹಿಡಿದಳು. ಪಂಪಣ್ಣ ಎರಡು ಹನಿ ನೀರು ಹಾಕಿ ಅದನ್ನು ಕಲಸಿದರು. ಮೇಜಿನ ಮೇಲಿದ್ದ ಉದ್ದ ಸೂಜಿಯೊಂದನ್ನು ತೋಟಾದ ಒಳಗೆ ಆಳಕ್ಕೆ ಹಾಕಿ ಕೆರೆದರು. ಸೂಜಿಯ ತುದಿಗೆ ಬಿಳಿಯದೇನೋ ಒಂದು ಸಾಸಿವೆಯಷ್ಟು ಬಂತು. ಅದನ್ನು ಅರಿಸಿನದ ಮೇಲೆ ಒರೆಸಿದರು.

ಗುಲ್ಷನ್‌ಬೀಯ ಅಂಗೈ ಮೇಲೆ ಅರಿಸಿನ ಕೆಂಪಗಾಯಿತು.

“ಸುಣ್ಣ,” ಎಂದೆ ನಾನು. ಅರಿಸಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದನ್ನು ಆರತಿ ತಟ್ಟೆ ಕಂಡವರೆಲ್ಲ ಬಲ್ಲರು.

“ಸುಣ್ಣಾನ,” ಎಂದರು ಪಂಪಣ್ಣ. “ಸಾಹೇಬ್ರ, ಹಿಂದಕ್ಕ ಸಾವ್ಕಾರರ ಅಪ್ಪಾರು ಶಿಕಾರಿಗೆ ಹೊಂಟ್ರ ತುರ್ವಿಹಾಳ, ಸಾಲಗುಂದದ ಮಂದೀನ ಡಬ್ಬಿ ಬಡದು ಮಿಗ ಎಬ್ಬಸಾಕ ಕರಕೊಂಡು ಹೋಗ್ತಿದ್ರು. ಹೊಡದು ಬಿಟ್ಟ ಖಾಲಿ ತೋಟಾ ಆ ಮಂದಿ ಆರಿಸ್ಕೊಂಡು ಬರ್ತಿದ್ರು. ಬಾಯಿ ತಿಕ್ಕಿ, ಕಟ್ಟಿಗಿ ಬಿರಡಿ ಹಾಕಿ, ಮನ್ಯಾಗಿನ ಹೆಣ್ಮಕ್ಕಳ ಎಲಿ ಸಂಚಿಗೆ ಸುಣ್ಣದ ಡಬ್ಬಿ ಮಾಡಿ ಕೊಡ್ತಿದ್ರು. ಇದು ಅಂಥಾದ್ದು. ಹೋದ ವಾರ ಹಾರಿದ ತೋಟಾ ಆಗಿದ್ರ ಒಳಗ ಮದ್ದಿನ ಕರಿ ಇರಬೇಕಿತ್ತು, ಸುಣ್ಣ ಅಲ್ಲ.”

ಹುಸೇನ್‌ಸಾಬ್ ತಲೆಯೆತ್ತಿ ನೋಡಿದ. ಸಾವ್ಕಾರರು ಒರೆಸಿಕೊಳ್ಳುತ್ತಿದ್ದ ಕರ್ಚೀಫು ಮುಖದ ಮೇಲೇ ಉಳಿಯಿತು.

ಸಾಹೇಬರು ಮಾತ್ರ ಅಲ್ಲಾಡಲಿಲ್ಲ. “ಚೆನ್ನಾಗಿದೆ. ಆದರೆ ಪಂಪಣ್ಣನವರೇ, ಈ ಬಂದೂಕಿಗೆ ಹೊಸ ಗುಂಡು ಅಂಗಡಿಯಲ್ಲಿ ಸಿಗೋದಿಲ್ಲ ಅಂತ ನೀವೇ ಹೇಳಿದ್ರಿ. ಹಾಗಾದರೆ ಹೊಡೆದವನು ಹಳೇ ತೋಟಾಕ್ಕೇ ಮದ್ದು ತುಂಬಿರಬೇಕು. ಸುಣ್ಣದ ಡಬ್ಬಿ ಒಂದನ್ನ ತಂದು, ಕೆರೆದು, ಬುಡಕ್ಕೆ ಕಿಡಿ ಹಚ್ಚೋ ಹೊಸ ಟೋಪಿ ಕೂರಿಸಿ ಮದ್ದು ತುಂಬೋದು ಇಂಥ ಕೈಕೆಲಸದವನಿಗೆ ಎಷ್ಟು ಹೊತ್ತಿನ ಕೆಲಸ? ಮೂಲೆಯಲ್ಲಿ ಸುಣ್ಣ ಉಳಿದುಕೊಂಡಿದೆ, ಅಷ್ಟೆ.”

ಅವಸರದವರೆಂದು ನಾನು ಸಾಹೇಬರನ್ನು ಆಡಿಕೊಳ್ಳುತ್ತೇನೆ, ಆದರೆ ಅವರ ತಲೆ ಚುರುಕು.

“ಅದೂ ಅಲ್ಲದೆ,” ಸಾಹೇಬರು ಮೇಜಿನ ಡ್ರಾಯರಿನಿಂದ ಇನ್ನೂ ಮೂರು ಖಾಲಿ ತೋಟಾ ತೆಗೆದು ಸಾಲಾಗಿ ನಿಲ್ಲಿಸಿದರು. “ಇವು ಸಾವ್ಕಾರರೇ ಇವನಿಗೆ ಕೊಟ್ಟಿದ್ದು. ಲಿವರ್ ಸರಿಯಾಗಿ ಆಡ್ತದೋ ಇಲ್ಲವೋ ನೋಡೋದಕ್ಕೆ. ಅವರ ತಂದೆ ಕಾಲದವು. ಬುಡ ನೋಡಿ.”

ನಾವೆಲ್ಲ ಬಗ್ಗಿದೆವು. ತೋಟಾದ ಬುಡದ ನಡುವೆ ತಾಮ್ರದ ಪುಟ್ಟ ಟೋಪಿ ಇರುತ್ತದೆ. ಟ್ರಿಗರ್ ಎಳೆದರೆ ಬಂದೂಕಿನೊಳಗಿನ ಪಿನ್ನು ಬಂದು ಅದನ್ನು ಕುಟ್ಟುತ್ತದೆ, ಗುಂಡು ಹಾರುತ್ತದೆ. ಕುಟ್ಟಿದ ಗುರುತು ಟೋಪಿಯ ಮೇಲೆ ಉಳಿಯುತ್ತದೆ. ಮೂರರಲ್ಲೂ ಆ ಗುರುತು ಗುಂಡಗೆ ಇರದೆ ಅರ್ಧ ಚಂದ್ರನ ಹಾಗಿತ್ತು. ಏರಿಯ ಮೇಲೆ ಸಿಕ್ಕಿದ ತೋಟಾದಲ್ಲೂ ಅದೇ ಅರ್ಧ ಚಂದ್ರ.

“ನಾಲ್ಕನ್ನೂ ಕುಟ್ಟಿದ್ದು ಒಂದೇ ಪಿನ್ನು. ಇದಕ್ಕಿಂತ ಸಾಕ್ಷಿ ಬೇಕಾ?” ಎಂದರು ಸಾಹೇಬರು.

ಪಂಪಣ್ಣ ಬಂದೂಕು ಎತ್ತಿಕೊಂಡು ಲಿವರ್ ಕೆಳಗೆ ಎಳೆದರು. ಬೆಳಕಿಗೆ ಹಿಡಿದು ಒಳಗೆ ಬಹಳ ಹೊತ್ತು ನೋಡಿದರು, ಕಿರುಬೆರಳು ಹಾಕಿ ಒಂದು ಸಲ ಮುಟ್ಟಿದರು. ಅವರ ಮುಖದ ಸಪ್ಪೆ ಹೋಗುವುದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಬಂದೂಕನ್ನು ಕೆಳಗಿಟ್ಟು ಹುಸೇನ್‌ಸಾಬ್‌ನ ಎದುರು ನಿಂತರು.

“ಹುಸೇನ್‌ಸಾಬ್, ನನ್ನ ಕಣ್ಣಾಗ ಕಣ್ಣಿಟ್ಟು ಹೇಳು. ಇದರಾಗಿನ ಪಿನ್ನು ಯಾರದು?”

ಹುಸೇನ್‌ಸಾಬ್ ನೆಲ ನೋಡಿದ.

“ಮೂರು ವರ್ಷಕ್ಕೊಮ್ಮಿ ಲೈಸೆನ್ಸಿಗೆ ಬಂದಾಗ ಈ ಬಂದೂಕು ನಾನ ನೋಡೀನಿ. ಪಿನ್ನಿನ ತುದಿ ಮುಕ್ಕಾಗಿತ್ತು. ಈಗ ಮುಟ್ಟಿದ್ರ ಗುಂಡಗ ಐತಿ. ಹೇಳು.”

“ನನಗ ಗೊತ್ತಿಲ್ರಿ,” ಎಂದ ಹುಸೇನ್‌ಸಾಬ್ ಮೆಲ್ಲಗೆ. ಅವನು ಸುಳ್ಳು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು, ಅಷ್ಟು ಕೆಟ್ಟದಾಗಿ ಯಾರೂ ಸುಳ್ಳು ಹೇಳಲಾರರು.

“ಜೈಲಿಗೆ ಹೊಂಟಿಯಲ್ಲೋ ಮಾರಾಯ. ಗೊತ್ತಿದ್ದರ ಬಾಯಿ ಬಿಡು,” ಎಂದೆ ನಾನು. ಪೊಲೀಸಿನವನು ಹಾಗೆ ಬೇಡಿಕೊಳ್ಳಬಾರದು. ಆದರೆ ಬೇಡಿಕೊಂಡೆ.

ಗುಲ್ಷನ್‌ಬೀಗೆ ತಡೆಯಲಾಗಲಿಲ್ಲ. “ನೀವು ಹೇಳ್ದಿದ್ರ ನಾ ಹೇಳ್ತೀನಿ,” ಎಂದು ಒಳಗೆ ಹೋದಳು. ಪಾತ್ರೆ ಸರಿಸಿದ ಸದ್ದು ಕೇಳಿಸಿತು. ಮೆಂತ್ಯದ ಡಬ್ಬಿ ತಂದು ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿದಳು. ಮೆಂತ್ಯದ ಕಾಳಿನ ನಡುವೆ ಕಪ್ಪು ಕಬ್ಬಿಣದ ಸಣ್ಣ ಮೊಳೆಯೊಂದು ಬಿತ್ತು. ತುದಿ ಅರ್ಧ ಮುರಿದಿತ್ತು.

“ಇದು ಹಳೇದು. ಎರಡು ತಿಂಗಳಾತು ತಗದು. ಹೊಲಿಗಿ ಮಷಿನ್ನಿನ ಸೂಜಿ ಹಿಡಿಯೂ ಕಂಬಿ ತುಂಡು ಮಾಡಿ, ಮೂರು ದಿನ ಅರ ಹಾಕಿ ಹೊಸಾದು ಮಾಡ್ಯಾರ. ಯಾರಿಗೂ ಹೇಳಬ್ಯಾಡಂತ ನನ್ನ ಕಡಿಂದ ಆಣಿ ತಗೊಂಡಿದ್ರು.”

“ಯಾಕೆ ಹೇಳಬಾರದು?” ಸಾಹೇಬರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

ಹುಸೇನ್‌ಸಾಬ್ ಸಾಹೇಬರ ಕಡೆ ನೋಡಲಿಲ್ಲ. ಅವನು ನೋಡಿದ್ದು ಶಿವಶರಣಪ್ಪ ಸಾವ್ಕಾರರನ್ನು.

“ಸಾವ್ಕಾರ, ಮೊದಲ್ನೇ ದಿನ ನೀವು ಒಂದ ಮಾತು ತಗೊಂಡಿದ್ರಿ. ಅಪ್ಪನ ಕೈ ಮುಟ್ಟಿದ ಸಾಮಾನು ಒಂದೂ ಬದಲಿ ಆಗಬಾರದು, ಇದ್ದದ್ದನ್ನ ಸರಿ ಮಾಡು ಅಂದಿದ್ರಿ. ಒಂದು ತಿರುಪು ಸೈತ ನಾ ಬದಲಿ ಮಾಡ್ಲಿಲ್ಲ. ಆದ್ರ ಈ ಮುಕ್ಕು ಪಿನ್ನು ಟೋಪಿ ಹರಿತೈತಿ ರೀ. ಹರಿದ್ರ ಬೆಂಕಿ ಹಿಂದಕ್ಕ ಬಂದು ಹೊಡ್ಯಾವ್ರ ಕಣ್ಣಿಗೆ ಬಡಿತೈತಿ. ನಾಳೆ ನೀವು ಹೆಗಲಿಗೆ ಏರಿಸಿದ್ರ ಹೋಗೂದು ನಿಮ್ಮ ಕಣ್ಣು. ಹೇಳಿದ್ರ ನೀವು ಒಪ್ಪೂದಿಲ್ಲ, ಹೇಳ್ದ ಮಾಡಿದ್ರ ಮಾತು ತಪ್ಪತೈತಿ. ನಾ ಮಾತು ತಪ್ಪಿದೆ ರೀ. ಮಾಫ್ ಮಾಡ್ರಿ.”

ಜೈಲಿನ ಬಾಗಿಲಲ್ಲಿ ನಿಂತವನು ಕ್ಷಮೆ ಕೇಳುತ್ತಿದ್ದದ್ದು ಒಂದು ಮೊಳೆ ಬದಲಿಸಿದ್ದಕ್ಕೆ. ಕೈಕೆಲಸದವರ ಈ ಹಟ ನನಗೆ ಯಾವತ್ತೂ ಅರ್ಥವಾಗಿಲ್ಲ. ಅವನನ್ನು ಹಿಡಿದು ಬೈಯಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು.

ಸಾವ್ಕಾರರ ಮುಖದಲ್ಲಿ ರಕ್ತ ಇರಲಿಲ್ಲ. “ಎರಡು ತಿಂಗಳಾತೇನು?” ಎಂದರು.

“ಹೌದ್ರಿ.”

“ನನಗ ಗೊತ್ತ ಆಗ್ಲಿಲ್ಲ.”

“ಗೊತ್ತಾಗಬಾರದಂತ ಮಾಡಿದ್ದು ರೀ. ನಿಮಗ ನೋವಾಗ್ತಿತ್ತು.”

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಅಪ್ಪನ ಬಂದೂಕೆಂದರೆ ಅವರಿಗೆ ಎಷ್ಟು ಪ್ರಾಣವೆಂದು ನನಗೆ ಗೊತ್ತಿತ್ತು. ಅದಕ್ಕೇ ಇಷ್ಟು ನೊಂದರೆಂದುಕೊಂಡೆ.

ಪಂಪಣ್ಣ ಹೊತ್ತು ಕಳೆಯಲಿಲ್ಲ. ಮೇಜಿನ ಮೇಲಿದ್ದ ಮೇಣದ ಬತ್ತಿ ಹೊತ್ತಿಸಿ, ಡ್ರಾಯರಿನ ಮೂರು ತೋಟಾಗಳಲ್ಲಿ ಒಂದರ ಬುಡದ ಮೇಲೆ ಹನಿಸಿದರು. ಹಳೆಯ ಅರ್ಧ ಚಂದ್ರ ಮೇಣದಲ್ಲಿ ಮುಚ್ಚಿಹೋಯಿತು. ಬೆರಳಿನಿಂದ ಮಟ್ಟಸ ಮಾಡಿ, ಆರಿದ ಮೇಲೆ ತೋಟಾವನ್ನು ಬಂದೂಕಿಗೆ ಹಾಕಿ ಲಿವರ್ ಮೇಲೆ ಒತ್ತಿದರು.

“ಸಾಹೇಬ್ರ, ನೀವ ಟ್ರಿಗರ್ ಎಳೀರಿ. ನಾ ಎಳದ್ರ ನಾಳೆ ಏನರ ಮಾಡಿದೆ ಅಂತೀರಿ.”

ಸಾಹೇಬರು ಬಂದೂಕನ್ನು ಗೋಡೆಯ ಕಡೆ ಹಿಡಿದು ಟ್ರಿಗರ್ ಎಳೆದರು. ಟಕ್ ಎಂದಿತು. ಲಿವರ್ ಎಳೆದಾಗ ತೋಟಾ ಮೇಲೆ ಹಾರಿ ಸೀದಾ ನನ್ನ ಬೂಟಿನ ಹತ್ತಿರ ಬಿತ್ತು. ನಾನೇ ಎತ್ತಿಕೊಂಡೆ. ಮೇಣದ ಅಂಚು ಉದುರಿತ್ತು, ನಡುವೆ ಮಾತ್ರ ಗುರುತು ಸ್ಪಷ್ಟವಾಗಿ ಉಳಿದಿತ್ತು.

ಗುಂಡಗಿತ್ತು. ಬಟ್ಟಲಿನ ಹಾಗೆ ಗುಂಡಗೆ.

“ಈ ಬಂದೂಕು ಈಗ ಅರ್ಧ ಚಂದ್ರ ಹಾಕೂದಿಲ್ರಿ,” ಎಂದರು ಪಂಪಣ್ಣ. “ಏರಿ ಮ್ಯಾಲಿನ ತೋಟಾ ಇದರಾಗಿಂದ ಹಾರಿದ್ದು ಖರೇ. ಆದ್ರ ಹಾರಿ ಮೂವತ್ತು ನಲವತ್ತು ವರ್ಷ ಆತು. ಆದೆಪ್ಪಗ ತಗಲಿದ್ದು ಬ್ಯಾರೆ ಗುಂಡು, ಬ್ಯಾರೆ ಬಂದೂಕು.”

ಸಾಹೇಬರು ಒಂದು ಕೈಯಲ್ಲಿ ಮೇಣದ ತೋಟಾ, ಇನ್ನೊಂದರಲ್ಲಿ ಏರಿಯ ತೋಟಾ ಹಿಡಿದು ಅದನ್ನೂ ಇದನ್ನೂ ನೋಡಿದರು. ಆಮೇಲೆ ಎರಡನ್ನೂ ಕೆಳಗಿಟ್ಟು ಹ್ಯಾಟು ತೆಗೆದರು. ತಪ್ಪನ್ನು ಒಪ್ಪಿಕೊಳ್ಳುವುದರಲ್ಲೂ ಅವರಿಗೆ ಅವಸರವೇ.

“ಬಸ್ಸಪ್ಪ, ಬೇಡಿ ಬಿಚ್ಚಿ. ಇವತ್ತು ಕೋರ್ಟಿಲ್ಲ. ಹುಸೇನ್‌ಸಾಬ್, ನಿನ್ನೆಯೇ ನೀವು ಈ ಮಾತು ಹೇಳಿದ್ದರೆ ನಿನ್ನೆಯೇ ಮನೆಯಲ್ಲಿ ಮಲಗ್ತಿದ್ರಿ. ಆದರೂ ನಾನು ಸರಿಯಾಗಿ ನೋಡಬೇಕಿತ್ತು.”

ಕೀಲಿ ಜೇಬಿನಲ್ಲೇ ಇತ್ತು, ಆದರೆ ನನಗೆ ಸಿಗಲಿಲ್ಲ. ಎಡಗಡೆ ಹುಡುಕಿದೆ, ಬಲಗಡೆ ಹುಡುಕಿದೆ. ಕೊನೆಗೆ ಗುಲ್ಷನ್‌ಬೀಯೇ, “ಅಲ್ಲೇ ಅದ ಅಣ್ಣಾರ, ಮ್ಯಾಲಿನ ಕಿಸೆದಾಗ,” ಎಂದಳು. ಬೇಡಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಾಗ ನನ್ನ ಎದೆ ಹಗುರಾದದ್ದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಹುಸೇನ್‌ಸಾಬ್ ಮಣಿಕಟ್ಟು ಉಜ್ಜಿಕೊಂಡು ಮೊದಲು ಮಾಡಿದ ಕೆಲಸವೆಂದರೆ ಮೆಂತ್ಯದ ಕಾಳುಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿದ್ದು. ಗುಲ್ಷನ್‌ಬೀ ಅದನ್ನು ನೋಡಿ ನಕ್ಕಳು, ನಗುತ್ತಲೇ ಅತ್ತಳು.

ಒಳಗೆ ಸ್ಟೋವು ಭುಸುಗುಟ್ಟಿತು. ಏಲಕ್ಕಿಯ ವಾಸನೆ ಬಂತು. ಅಷ್ಟರಲ್ಲಿ ಜೀಪಿನ ಡ್ರೈವರ್ ಬಂದು ಸಿಂಧನೂರಿನ ಆಸ್ಪತ್ರೆಯಿಂದ ಫೋನ್ ಬಂದಿತ್ತೆಂದ. ಆದೆಪ್ಪ ಗಂಜಿ ಕುಡಿದನಂತೆ, ಕಾಲು ತೆಗೆಯುವ ಕೆಲಸ ಬೀಳುವುದಿಲ್ಲವಂತೆ, ಗಂಜಿಗೆ ಉಪ್ಪು ಕಡಿಮೆಯೆಂದು ನರ್ಸಮ್ಮನ ಜೊತೆ ಜಗಳವನ್ನೂ ಆಡಿದನಂತೆ.

“ಹಂಗಂದ್ರ ಪೂರಾ ಆರಾಮ ಆಗ್ಯಾನ,” ಎಂದ ಹುಸೇನ್‌ಸಾಬ್. ಆರು ದಿನದಲ್ಲಿ ನಾವೆಲ್ಲ ಒಟ್ಟಿಗೆ ನಕ್ಕಿದ್ದು ಆಗಲೇ.

ಸಾವ್ಕಾರರು ಎದ್ದು ನಿಂತರು. “ಛಲೋ ಆತು. ನಾ ಬರ್ತೀನಿ ಹುಸೇನ್. ಲಿಂಗಸುಗೂರಾಗ ಮಂದಿ ಕಾಯಾಕತ್ತಾರ.”

“ಚಾ ಕುಡೀದ ಹ್ಯಾಂಗ ಹೋಗ್ತೀರಿ? ಎರಡು ವರ್ಷದಾಗ ಒಂದ ದಿನ ಬಿಟ್ಟೀರೇನು?” ಗುಲ್ಷನ್‌ಬೀ ಬಾಗಿಲಿಗೆ ಅಡ್ಡ ಬಂದು ಅವರ ಕೈಗೆ ಚಹಾದ ಬಸಿ ಕೊಟ್ಟೇಬಿಟ್ಟಳು. “ಇವತ್ತ ನಿಮ್ಮ ಗೆಳ್ಯಾ ಹೊಳ್ಳಿ ಬಂದಾನ. ಕೂಡ್ರಿ.”

ಸಾವ್ಕಾರರು ಕೂರಲಿಲ್ಲ. ಹುಸೇನ್‌ಸಾಬ್‌ನ ಪಕ್ಕದಲ್ಲಿ ನಿಂತು, ಅವನ ಹೆಗಲ ಮೇಲೆ ಒಂದು ಕೈ ಇಟ್ಟು, ಬಿಸಿ ಚಹಾವನ್ನು ಗುಟುಕು ಗುಟುಕಾಗಿ ಬೇಗ ಬೇಗ ಕುಡಿಯತೊಡಗಿದರು.

ತುರ್ವಿಹಾಳದ ಬಸ್ಸಿನ ಹಾರನ್ ಕೇಳಿಸಿತು. ಪಂಪಣ್ಣ ಗಲ್ಲಿಯ ಕಡೆ ಕತ್ತು ಉದ್ದ ಮಾಡಿದರು.

“ಯಾರನ್ನ ಕಾಯ್ತಿದೀರಿ?” ಸಾಹೇಬರು ಕೇಳಿದರು.

“ಮೊನ್ನೆ ಆ ತೋಟಾದ ಬಾಯಿ ನೋಡಿದಾಗ ಸಂಶಯ ಬಂತು ರೀ. ನಿನ್ನೆ ತುರ್ವಿಹಾಳದ ಕಂಡಕ್ಟರ್ ಕೈಯಾಗ ಹೇಳಿ ಕಳಸಿದ್ದೆ. ತೋಟಾದ ಸುಣ್ಣದ ಡಬ್ಬಿ ಯಾರರ ಕಳಕೊಂಡಿದ್ರ ಮಸ್ಕಿಗೆ ಕಳಸು ಅಂತ. ಭತ್ತ ಕೊಯ್ಯಾಕ ಹೋದಾಗ ಯಾವಾಕೀನೋ ಏರಿ ಮ್ಯಾಲ ಕೆಡವ್ಯಾಳ. ಆಕೀ ಹೇಳಿಕಿ ಒಂದು ಬರಕೊಂಡ್ರ ನಿ‌ಮ್ಮ ಫೈಲೂ ಪೂರಾ ಆಗ್ತೈತಿ.”

ಬಂದವಳು ಅರವತ್ತರ ಆಸುಪಾಸಿನ ಹೆಂಗಸು. ಕಚ್ಚೆ ಬಿಗಿದುಟ್ಟ ಇಳಕಲ್ ಸೀರೆ, ಸೊಂಟದಲ್ಲಿ ಎಲೆ ಸಂಚಿ, ಬಾಯಿ ತುಂಬ ಕೆಂಪು. ಕೂಲಿ ಕೆಲಸದ ತಿಮ್ಮವ್ವ ಎಂದು ಹೆಸರು ಹೇಳಿದಳು. ಪೊಲೀಸರನ್ನು ಕಂಡರೂ ಅವಳು ಅಂಜಲಿಲ್ಲ.

“ನನ್ನ ಡಬ್ಬಿ ಸಿಕ್ಕೈತಂತಲ್ರೀ?”

ನಾನು ಏರಿಯ ತೋಟಾವನ್ನು ತೋರಿಸಿದೆ. ಅವಳು ಕೈಗೆ ತಗೊಂಡು ಕಣ್ಣಿನ ಹತ್ತಿರ ಹಿಡಿದಳು.

“ಹೂಂ, ಇದ ನಂದು. ಶಿಕಾರಿಗೆ ಹೋದಾಗ ಆರಿಸ್ಕೊಂಡು ಬಂದು ನಮ್ಮಪ್ಪ ಬಾಯಿ ತಿಕ್ಕಿ ಕೊಟ್ಟಿದ್ದ. ನನ್ನ ಲಗ್ನದಾಗ. ಇದರ ಬಿರಡಿ ಎಲ್ಲಿ ಹೋತು?”

ಸಾಹೇಬರು ಪೆನ್ನು ತೆಗೆದರು. “ಬರೆದುಕೊಳ್ಳಿ ಬಸ್ಸಪ್ಪ. ಅಜ್ಜಿ, ಇದನ್ನ ಏರಿ ಮೇಲೆ ಯಾವತ್ತು ಬೀಳಿಸಿಕೊಂಡ್ರಿ?”

“ಬೀಳ್ಸೂದಾ?” ತಿಮ್ಮವ್ವನಿಗೆ ಸಿಟ್ಟು ಬಂತು. “ನಲವತ್ತು ವರ್ಷ ಸೊಂಟದಾಗ ಇಟಗೊಂಡ ಸಾಮಾನು ನಾ ಯಾಕ ಬೀಳಸ್ಲಿ? ಏರಿ ಮ್ಯಾಲ ನಾ ಹೋಗೇ ಇಲ್ಲ, ಈ ಸುಗ್ಗಿಗೆ ನಾ ಸಾಲಗುಂದದಾಗ ಅದೀನಿ. ಇದನ್ನ ನಾ ಕೈಯ್ಯಾರೆ ಕೊಟ್ಟೀನಿ.”

“ಯಾರಿಗೆ?”

ತಿಮ್ಮವ್ವ ಉತ್ತರ ಕೊಡಲು ಬಾಯಿ ತೆರೆದವಳು ಅಂಗಡಿಯೊಳಗೆ ಕಣ್ಣು ಹಾಯಿಸಿದಳು. ಅವಳ ಮುಖ ಅರಳಿತು.

“ಅಯ್ಯ, ಇಲ್ಲೇ ಅದೀರಲ್ರೀ ಸಾವ್ಕಾರ. ನಿಮ್ಮ ಅಪ್ಪಾರ ಬಂದೂಕಿನ ಕೆಲಸ ಮುಗೀತೇನ್ರಿ? ಲಿವರ್ ಆಡಿಸಿ ನೋಡಾಕ ಬೇಕು, ಎಂಟ ದಿನಕ್ಕ ಕೊಡ್ತೀನಂತ ಒಯ್ದು ತಿಂಗಳಾತು. ನೀವು ಕೊಟ್ಟ ಪಿಲಾಸ್ಟಿಕ್ ಡಬ್ಬ್ಯಾಗ ಸುಣ್ಣ ಒಣಗಿ ಕಲ್ಲಾಗಾಕತ್ತೈತಿ.”

ಅಂಗಡಿಯ ನಾಲ್ಕು ಗಡಿಯಾರಗಳ ಸದ್ದು ಬೇರೆ ಬೇರೆಯಾಗಿ ಕೇಳಿಸುತ್ತಿತ್ತು.

ಹುಸೇನ್‌ಸಾಬ್ ತನ್ನ ಚಹಾದ ಬಸಿಯನ್ನು ಮೇಜಿನ ಮೇಲಿಟ್ಟ. ಬಟ್ಟೆಯ ಮೇಲೆ ನಿಂತ ಮೂರು ತೋಟಾಗಳನ್ನು ನೋಡಿದ, ತಿಮ್ಮವ್ವನ ಕೈಯಲ್ಲಿದ್ದ ನಾಲ್ಕನೆಯದನ್ನು ನೋಡಿದ. ಆಮೇಲೆ ತನ್ನ ಹೆಗಲ ಮೇಲೆ ಇನ್ನೂ ಇದ್ದ ಕೈಯ ಕಡೆ ಕತ್ತು ಹೊರಳಿಸಿದ.

“ಸಾವ್ಕಾರ,” ಎಂದ, ಏನೂ ತಿಳಿಯದವನ ಹಾಗೆ, ಮೆಲ್ಲಗೆ. “ನನಗ ನೀವು ಮೂರ ಕೊಟ್ಟಿದ್ರಿ ಅಲ್ರೀ?”